ಮುಳ್ಳುತಂತಿಯ ಬಾರು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಹವಾಯಿ ಚಪ್ಪಲಿಗಳಿಂದ ಮಾಡಿದ ಒಂದು ಕಲಾಕೃತಿಯ ಬಗ್ಗೆ ಮಾತಾಡೋಣ. ಮಾಡಿದವರು ಕೆರಿಬಿಯನ್ ದೇಶವಾದ ಡೊಮಿನಿಕನ್ ರಿಪಬ್ಲಿಕ್‌ನ ಟೋನಿ ಕಪೆಯಾನ್. ವರ್ಷ 1996. ಹೆಸರು 'ಮಾರ್ ಕಾರಿಬೆ', ಅಂದರೆ ಕೆರಿಬಿಯನ್ ಸಮುದ್ರ.

ಅಲ್ಲಿನ ರಾಜಧಾನಿ ಸಾಂಟೊ ಡೊಮಿಂಗೊದಲ್ಲಿ ಓಸಾಮಾ ಅನ್ನುವ ನದಿ ಹರಿಯುತ್ತದೆ. ದಡದಲ್ಲಿ ಬಡವರ ಮನೆಗಳು. ನೆರೆ ಬಂದರೆ ಸಾಮಾನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಹೀಗೆ ನೀರುಪಾಲಾಗಿ ದಡಕ್ಕೆ ಬಂದು ಬಿದ್ದ ಚಪ್ಪಲಿಗಳನ್ನು ಕಪೆಯಾನ್ ಆರಿಸಿ ತಂದರು. ನೀಲಿ ಮತ್ತು ಹಸಿರು ಬಣ್ಣದವನ್ನು ಒತ್ತೊತ್ತಾಗಿ ನೆಲದ ಮೇಲೆ ಹರಡಿದರು. ದೂರದಿಂದ ನೋಡಿದರೆ ಪ್ರವಾಸಿ ಜಾಹೀರಾತಿನಲ್ಲಿ ಕಾಣುವ ಅದೇ ಚಂದದ ಸಮುದ್ರ. ಹತ್ತಿರ ಹೋದಾಗ ಎದೆ ಧಸಕ್ಕೆನ್ನುತ್ತದೆ. ರಬ್ಬರಿನ ಬಾರು ಇರಬೇಕಾದ ಕಡೆ ಮುಳ್ಳುತಂತಿ ಬಿಗಿದಿದ್ದಾರೆ. ಕಾಲು ತೂರಿಸಿದರೆ ರಕ್ತ ಬರುವುದು ಖಂಡಿತ.

ಇಡೀ ಕೃತಿಯಲ್ಲಿ ಒಬ್ಬ ಮನುಷ್ಯನೂ ಇಲ್ಲ. ಆದರೂ ಊರು ಬಿಡಬೇಕಾದವರ ಪಾಡನ್ನು ಇಷ್ಟು ನೇರವಾಗಿ ಹೇಳಿದ ಕೃತಿ ನನ್ನ ಮಟ್ಟಿಗೆ ಬೇರೆ ಇಲ್ಲ.

ಊರು ಬಿಡದವರಿಗೂ ಅಲ್ಲಿ ನೆಮ್ಮದಿಯಿಲ್ಲ. ಪಕ್ಕದ ಹೈಟಿಯಿಂದ ಕಬ್ಬು ಕಡಿಯಲು ಬಂದ ಕುಟುಂಬಗಳು ತಲೆಮಾರುಗಳಿಂದ ಡೊಮಿನಿಕನ್ ರಿಪಬ್ಲಿಕ್‌ನಲ್ಲಿವೆ. 2013ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ತಂದೆತಾಯಿಗೆ ಸರಿಯಾದ ಕಾಗದಪತ್ರ ಇಲ್ಲದಿದ್ದರೆ, 1929ರಿಂದ ಈಚೆಗೆ ಅಲ್ಲೇ ಹುಟ್ಟಿದವರೂ ಪ್ರಜೆಗಳಲ್ಲ ಅಂತ. ಎರಡು ಲಕ್ಷಕ್ಕೂ ಜಾಸ್ತಿ ಜನಕ್ಕೆ ಪೆಟ್ಟು ಬಿತ್ತು ಅಂತ ಅಂದಾಜು. ಹುಟ್ಟಿದ ಮನೆಯಲ್ಲೇ ಇದ್ದಾರೆ, ಆದರೆ ಪರದೇಶಿಗಳು! ಇದು ಅನ್ಯಾಯ ಅಲ್ವಾ? ಮರುವರ್ಷ ಬಂದ ಕಾನೂನಿನಿಂದ ಕೆಲವರಿಗೆ ಪೌರತ್ವ ವಾಪಸ್ ಸಿಕ್ಕಿತು. ಎಲ್ಲರಿಗೂ ಸಿಗಲಿಲ್ಲ. ಕಪೆಯಾನ್ ಕೃತಿ ಈ ತೀರ್ಪಿಗಿಂತ ಎಷ್ಟೋ ಹಳೆಯದು. ಆದರೆ ಈಗ ಆ ತಂತಿಯನ್ನು ನೋಡುವಾಗ ನನಗೆ ಈ ಜನವೂ ಕಣ್ಣ ಮುಂದೆ ಬರುತ್ತಾರೆ.

ಕ್ಯೂಬಾದ ಕಲಾವಿದ ಕಾಚೋ ಅವರ ಕೆಲಸವನ್ನೂ ಇಲ್ಲಿ ಹೇಳಲೇಬೇಕು. ಸೋವಿಯತ್ ಒಕ್ಕೂಟ ಕುಸಿದ ಮೇಲೆ, ಅದರ ನೆರವನ್ನೇ ನಂಬಿದ್ದ ಕ್ಯೂಬಾದಲ್ಲಿ ಊಟಕ್ಕೂ ತತ್ವಾರ. 1994ರಲ್ಲಿ ಅಲ್ಲಿನ ರಾಜಧಾನಿಯಲ್ಲಿ ನಡೆದ ಹವಾನಾ ಬಿಯೆನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನದಲ್ಲಿ ಅವರು 'ರೆಗಾಟಾ', ಅಂದರೆ ದೋಣಿ ಪಂದ್ಯ, ಅನ್ನುವ ಕೃತಿ ಇಟ್ಟರು. ಮರದ ಚೂರು, ಆಟಿಕೆ, ಹಳೆ ಬೂಟು, ಇಂಥವುಗಳಿಂದ ಆದ ಪುಟ್ಟ ಪುಟ್ಟ ದೋಣಿಗಳ ದಂಡು. ಎಲ್ಲವೂ ಒಂದೇ ದಿಕ್ಕಿಗೆ ಹೊರಟು ನಿಂತಿವೆ. ಕೆಲವೇ ತಿಂಗಳಲ್ಲಿ ಅದು ನಿಜವೇ ಆಗಿಹೋಯಿತು. ಆ ಬೇಸಿಗೆಯಲ್ಲಿ ಸುಮಾರು 35 ಸಾವಿರ ಜನ ಟೈರ್ ಟ್ಯೂಬು, ಹಲಗೆ ಕಟ್ಟಿಕೊಂಡು ಅಮೆರಿಕದ ಫ್ಲಾರಿಡಾ ಕಡೆಗೆ ಸಮುದ್ರಕ್ಕಿಳಿದರು. ದಡ ಮುಟ್ಟದವರೂ ಇದ್ದರು.

ರೇಡಿಯೋದಲ್ಲಿ ಚಿತ್ರ ತೋರಿಸಲು ಆಗುವುದಿಲ್ಲ. 'ಮಾರ್ ಕಾರಿಬೆ'ಯ ಫೋಟೋ ಮೊಬೈಲಿನಲ್ಲೇ ಸಿಗುತ್ತದೆ. ಬಿಡುವಾದಾಗ ಹುಡುಕಿ, ದೊಡ್ಡದು ಮಾಡಿ ನೋಡಿ. ಮಕ್ಕಳಿಗೂ ತೋರಿಸಿ, ಅವರು ಕೇಳುವ ಪ್ರಶ್ನೆಗಳಿಗೆ ಸಾವಧಾನವಾಗಿ ಉತ್ತರ ಹೇಳಿ.

ನಮಸ್ಕಾರ.