ಹೆಸರಿನ ಬಾಲದಲ್ಲಿ ಫೈಲಿನ ಆಯುಷ್ಯ

ಎಲ್ಲರಿಗೂ ನಮಸ್ಕಾರ. ಸೆಗ್ಮೆಂಟ್ ಎಂದರೆ ಒಟ್ಟಾಗಿ ಬರೆದು ಒಟ್ಟಾಗಿ ಖಾಲಿ ಮಾಡುವ ಬ್ಲಾಕುಗಳ ಗುಂಪು ಎಂದಾಗಲಿ, ಫ್ಲ್ಯಾಶ್‌ನಲ್ಲಿ ಬರೆದ ಜಾಗವನ್ನು ಅಳಿಸದೆ ಅದರ ಮೇಲೆಯೇ ಮತ್ತೆ ಬರೆಯಲು ಆಗುವುದಿಲ್ಲ ಎಂದಾಗಲಿ ಈ ಸಭೆಗೆ ವಿವರಿಸಬೇಕಾಗಿಲ್ಲ. ಹೆಸರು ನೋಡಿ ಫೈಲಿನ ಜಾಗ ನಿರ್ಧರಿಸುವುದು ತಪ್ಪು ಎಂಬ ತಕರಾರಿಗೇ ನೇರವಾಗಿ ಬರುತ್ತೇನೆ.

ಫ್ಲ್ಯಾಶ್‌ಗೆಂದೇ ಮಾಡಿದ ಫೈಲ್ ಸಿಸ್ಟಮ್ ಎಫ್‌2ಎಫ್‌ಎಸ್. ಅದು 2013ರಲ್ಲಿ, ಲಿನಕ್ಸ್ 3.8ರ ಜೊತೆ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ, ಬಂತು. ಮೊದಲಿನಿಂದಲೂ ಅದರಲ್ಲಿ ಒಂದು ಪಟ್ಟಿ ಇದೆ. ಫೈಲಿನ ಹೆಸರಿನ ಬಾಲ, ಅಂದರೆ ಚುಕ್ಕೆಯ ನಂತರದ ಭಾಗ, ಈ ಪಟ್ಟಿಯಲ್ಲಿದ್ದರೆ ಆ ಫೈಲನ್ನು ತಣ್ಣನೆಯದು, ಅಂದರೆ ಅಪರೂಪಕ್ಕೆ ಬದಲಾಗುವುದು, ಎಂದು ಗುರುತು ಹಾಕು, ಅದರ ಡೇಟಾವನ್ನು ಬೇರೆ ಕಡೆ ಬರೆ, ಇಷ್ಟೇ. ಯುನಿಕ್ಸ್ ಸಂಪ್ರದಾಯದಲ್ಲಿ ಬೆಳೆದವರಿಗೆ ಇದು ಕಣ್ಣಿಗೆ ಬಿದ್ದ ಕಸದ ಹಾಗೆ. ಕರ್ನಲ್‌ಗೆ ಹೆಸರೆಂದರೆ ಬರೀ ಬೈಟುಗಳು, ಓರೆಗೆರೆ ಮತ್ತು ಸೊನ್ನೆ ಬೈಟ್ ಬಿಟ್ಟರೆ ಉಳಿದ ಯಾವುದಕ್ಕೂ ಅರ್ಥ ಕಟ್ಟಬಾರದು ಎಂದು ನಾವು ಕಲಿತದ್ದು. ಜೆಪಿಜಿ ಅಂತ ಬರೆದಿದ್ದರೆ ಅದು ಚಿತ್ರವೇ ಆಗಿರಬೇಕೆಂದೇನಿದೆ?

ಏನೂ ಇಲ್ಲ. ಆದರೂ ಈ ಪಟ್ಟಿ ಸರಿಯಾದ ಕೆಲಸ ಎಂದು ನಾನು ವಾದಿಸುತ್ತೇನೆ. ಫೈಲಿನ ಮೊದಲ ಬ್ಲಾಕ್ ಎಲ್ಲಿಗೆ ಹೋಗಬೇಕು ಎಂದು ನಿರ್ಧರಿಸುವ ಕ್ಷಣದಲ್ಲಿ ಆ ಫೈಲಿಗೆ ಚರಿತ್ರೆ ಇರುವುದಿಲ್ಲ. ಎಷ್ಟು ಸಲ ತಿದ್ದಿದರು, ಯಾವಾಗ ಅಳಿಸಿದರು ಎಂಬುದೆಲ್ಲ ಆಮೇಲಿನ ಮಾತು. ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತೇವಲ್ಲ, ಫೈಲಿಗೆ ಮೊಳಕೆ ಎಂದರೆ ಅದರ ಹೆಸರು. ಹುಟ್ಟುವಾಗ ಗೊತ್ತಿರುವುದು ಅದೊಂದೇ.

ತಪ್ಪು ಜಾಗಕ್ಕೆ ಹೋದರೆ ಆಗುವ ಖರ್ಚನ್ನು ಲೆಕ್ಕ ಹಾಕೋಣ. ಬ್ಲಾಕ್ 4 ಕೆಬಿ, ಸೆಗ್ಮೆಂಟ್ 2 ಎಂಬಿ, ಅಂದರೆ ಸೆಗ್ಮೆಂಟಿಗೆ 512 ಬ್ಲಾಕ್. ಒಂದು ಸೆಗ್ಮೆಂಟಿನಲ್ಲಿ 384 ಬ್ಲಾಕ್ ಫೋಟೋಗಳು, 128 ಬ್ಲಾಕ್ ಡೇಟಾಬೇಸ್ ಬೆರೆತಿವೆ ಎನ್ನಿ. ಡೇಟಾಬೇಸ್ ಬೇಗ ತಿದ್ದಿಸಿಕೊಳ್ಳುತ್ತದೆ, ಹೊಸ ಪ್ರತಿ ಬೇರೆಡೆ ಹೋಗುತ್ತದೆ, ಇಲ್ಲಿನ 128 ಸಾಯುತ್ತವೆ. ಆ ಜಾಗ ಬಿಡಿಸಿಕೊಳ್ಳಲು ಬದುಕಿರುವ 384ನ್ನು ಎತ್ತಿ ಬೇರೆಡೆ ಬರೆಯಬೇಕು. ಸಿಗುವ ಪ್ರತಿ ಖಾಲಿ ಬ್ಲಾಕಿಗೆ ಮೂರು ಅನಗತ್ಯ ಬರಹ! ಅದೇ ಡೇಟಾಬೇಸ್ ಬ್ಲಾಕುಗಳು ತಮ್ಮದೇ ಸೆಗ್ಮೆಂಟಿನಲ್ಲಿದ್ದರೆ 512ಕ್ಕೆ 512 ಬ್ಲಾಕುಗಳೂ ತಾವಾಗಿ ಸಾಯುತ್ತವೆ. ಒಂದನ್ನೂ ನಕಲು ಮಾಡಬೇಕಿಲ್ಲ, ಫೈಲ್ ಸಿಸ್ಟಮ್ ತನ್ನ ಸ್ಥಿತಿಯನ್ನು ಖಾಯಂ ಮಾಡುವ ಮುಂದಿನ ಚೆಕ್‌ಪಾಯಿಂಟ್ ಆದ ಮೇಲೆ ಸೆಗ್ಮೆಂಟ್ ಪೂರ್ತಿ ಖಾಲಿ. ಕೆಳಗಿರುವ ಫ್ಲ್ಯಾಶ್ ಕಂಟ್ರೋಲರ್ ಈ ವಿಂಗಡಣೆ ಮಾಡಲಾರದು, ಅದರ ಕಣ್ಣಿಗೆ ಫೈಲಿನ ಹೆಸರು ಬೀಳುವುದೇ ಇಲ್ಲ.

ಅದಕ್ಕೇ ಎಫ್‌2ಎಫ್‌ಎಸ್ ಏಕಕಾಲಕ್ಕೆ ಆರು ಲಾಗ್, ಅಂದರೆ ಸಾಲಾಗಿ ಬರೆಯುವ ಆರು ಜಾಗ, ತೆರೆದಿಡುತ್ತದೆ. ಫೈಲಿನ ಬ್ಲಾಕುಗಳು ಎಲ್ಲಿವೆ ಎಂದು ಹೇಳುವ ನೋಡ್‌ಗಳಿಗೆ ಮೂರು, ಡೇಟಾಕ್ಕೆ ಮೂರು. ಡೇಟಾದಲ್ಲಿ ಬಿಸಿ ಎಂದರೆ ಡೈರೆಕ್ಟರಿಯ ನಮೂದುಗಳು, ಉಗುರುಬೆಚ್ಚಗಿನದು ಎಂದರೆ ಸಾಮಾನ್ಯ ಫೈಲುಗಳು. ತಣ್ಣನೆಯ ಲಾಗಿಗೆ ಎರಡು ಬಾಗಿಲು. ಒಂದು ಬಾಗಿಲಿನಿಂದ ಪಟ್ಟಿಯಲ್ಲಿರುವ ಫೈಲುಗಳು ಹುಟ್ಟುವಾಗಲೇ ಬರುತ್ತವೆ. ಇನ್ನೊಂದರಿಂದ, ಕ್ಲೀನಿಂಗ್, ಅಂದರೆ ಜಾಗ ಬಿಡಿಸಿಕೊಳ್ಳುವ ಕೆಲಸ, ಬಂದಾಗಲೂ ಸಾಯದೆ ಉಳಿದ ಬ್ಲಾಕುಗಳು ಬರುತ್ತವೆ. ಮೊದಲನೆಯದು ಊಹೆ, ಎರಡನೆಯದು ಪುರಾವೆ. ಪುರಾವೆ ಸಿಗುವ ಹೊತ್ತಿಗೆ ನಕಲಿನ ಖರ್ಚು ಆಗಿಹೋಗಿರುತ್ತದೆ. ಊಹೆಗಿರುವ ಬೆಲೆಯೇ ಅದು.

ಪ್ರತಿ ಫೈಲಿನ ಚಟುವಟಿಕೆ ಎಣಿಸಿ ಅಂಕಿಅಂಶ ಇಟ್ಟುಕೊಳ್ಳಬಹುದಲ್ಲ ಎಂದು ಕೇಳುತ್ತಾರೆ. ಇಡಬಹುದು. ಆದರೆ ಆ ಎಣಿಕೆಯನ್ನೂ ಫ್ಲ್ಯಾಶ್ ಮೇಲೆಯೇ ಬರೆಯಬೇಕಾಗಿ ಬಂದರೆ ಮೂಗಿಗಿಂತ ಮೂಗುತಿ ಭಾರ. ಪಟ್ಟಿಯ ಖರ್ಚು ನೋಡಿ: ಫೈಲ್ ಹುಟ್ಟುವಾಗ ಕೆಲವು ಅಕ್ಷರಗಳ ಹೋಲಿಕೆ, ಫೈಲಿನ ವಿವರ ಇಡುವ ಇನೋಡಿನಲ್ಲಿ ಒಂದು ಬಿಟ್. ಮುಗಿಯಿತು.

ಇನ್ನು ಪಟ್ಟಿ ಎಡವುವ ಕಡೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ದೂರುಗಳ ಬೇರು ಇಲ್ಲಿದೆ. ಅಪರೂಪಕ್ಕೆ ಬದಲಾಗುವುದು ಬೇರೆ, ಬಹುಕಾಲ ಬಾಳುವುದು ಬೇರೆ. ಸೆಗ್ಮೆಂಟಿನ ದೃಷ್ಟಿಯಲ್ಲಿ ತಿದ್ದುವುದೂ ಅಳಿಸುವುದೂ ಒಂದೇ, ಎರಡರಲ್ಲೂ ಬ್ಲಾಕ್ ಸಾಯುತ್ತದೆ. ಚಿತ್ರ ತೋರಿಸುವ ತಂತ್ರಾಂಶವೊಂದನ್ನು ನೆನೆಯಿರಿ. ಪ್ರತಿ ಫೋಟೋಗೂ ಅದು ಚಿಕ್ಕ ಜೆಪಿಜಿ ತಯಾರಿಸಿ ಕ್ಯಾಶ್‌ನಲ್ಲಿಡುತ್ತದೆ, 12 ಕೆಬಿ ಎಂದುಕೊಳ್ಳಿ, ಮೂರು ಬ್ಲಾಕ್. ಒಮ್ಮೆ ಬರೆದ ಮೇಲೆ ಅದನ್ನು ಯಾರೂ ತಿದ್ದುವುದಿಲ್ಲ. ಆದರೆ ಕ್ಯಾಶ್ ತುಂಬಿದ ಕೂಡಲೇ ಅಳಿಸುತ್ತಾರೆ. ಬಾಲ ಜೆಪಿಜಿ, ಆದ್ದರಿಂದ ತಣ್ಣನೆಯ ಲಾಗಿಗೆ ಹೋಯಿತು. ಅದೇ ಹೊತ್ತಿಗೆ 4 ಜಿಬಿಯ ಎಂಕೆವಿ ಸಿನಿಮಾ ನಕಲಾಗುತ್ತಿದೆ. ಅದೂ ತಣ್ಣನೆಯದೇ, ಅದೇ ತೆರೆದ ಸೆಗ್ಮೆಂಟಿಗೇ ಬರುತ್ತದೆ. ಸಿನಿಮಾದ ಸಾಲಿನ ನಡುನಡುವೆ ಚಿಕ್ಕ ಜೆಪಿಜಿಗಳು ತೂರಿಕೊಂಡವು, ಸೆಗ್ಮೆಂಟಿಗೆ ಐದರಂತೆ. ವಾರ ಕಳೆದು ಅವೆಲ್ಲ ಅಳಿದವು. ಈಗ ಪ್ರತಿ ಸೆಗ್ಮೆಂಟಿನಲ್ಲೂ 497 ಬ್ಲಾಕ್ ಜೀವಂತ, 15 ತೂತು. ಒಂದು ತೂತಿನ ಜಾಗ ಪಡೆಯಲು ಸರಿಸುಮಾರು 33 ಬ್ಲಾಕ್ ನಕಲು!

ಕ್ಲೀನಿಂಗ್ ಇಂಥ ಸೆಗ್ಮೆಂಟನ್ನು ಮುಟ್ಟಲು ಹಿಂಜರಿಯುತ್ತದೆ, ಕಡಿಮೆ ಜೀವಂತ ಬ್ಲಾಕುಗಳಿರುವುದನ್ನೇ ಮೊದಲು ಹುಡುಕುತ್ತದೆ. ತೂತುಗಳು ಹಾಗೇ ಉಳಿಯುತ್ತವೆ. ಖಾಲಿ ಜಾಗ ಎಷ್ಟಿದೆ ಎಂದು ಕೇಳಿದರೆ ಧಾರಾಳವಾಗಿದೆ ಎಂಬ ಉತ್ತರ ಬರುತ್ತದೆ, ಆದರೆ ಪೂರ್ತಿ ಖಾಲಿಯಾದ ಸೆಗ್ಮೆಂಟ್ ಸಿಗುವುದಿಲ್ಲ. ಕೊನೆಗೆ ಫೈಲ್ ಸಿಸ್ಟಮ್ ಸಾಲಾಗಿ ಬರೆಯುವುದನ್ನು ಬಿಟ್ಟು ತೂತುಗಳೊಳಗೇ ತುಂಬತೊಡಗುತ್ತದೆ. ಅಲ್ಲಿಗೆ ಚದುರಿದ ಬರಹ ಶುರು, ಎಫ್‌2ಎಫ್‌ಎಸ್ ಹುಟ್ಟಿದ್ದೇ ಯಾವುದನ್ನು ತಪ್ಪಿಸಲೋ ಅದು.

ಇದಕ್ಕೆ ಪಟ್ಟಿಯನ್ನು ಬೈಯಬೇಡಿ. ತಂತ್ರಾಂಶ ಬರೆಯುವವರು ಕ್ಯಾಶ್ ಫೈಲಿಗೆ ಬಾಲವನ್ನೇ ಕೊಡದಿದ್ದರೆ ಸಾಕು, ಅದು ಉಗುರುಬೆಚ್ಚಗಿನ ಲಾಗಿಗೆ ಹೋಗುತ್ತದೆ. ಇನ್ನೂ ಒಳ್ಳೆಯದೆಂದರೆ, ಲಿನಕ್ಸ್ 4.13ರಿಂದ ತಂತ್ರಾಂಶವು ಕರ್ನಲ್‌ಗೆ ಮಾಡುವ ಎಫ್‌ಸಿಎನ್‌ಟಿಎಲ್ ಕರೆಯ ಮೂಲಕ ಈ ಫೈಲಿನ ಆಯುಷ್ಯ ಕಡಿಮೆ ಎಂಬ ಸುಳಿವು ಕೊಡಬಹುದು, ಆಗ ಅದು ಬಿಸಿ ಲಾಗಿಗೇ ಹೋಗುತ್ತದೆ. ಆದರೆ ಎಚ್ಚರ, ಕರ್ನಲ್ ಮೊದಲು ನೋಡುವುದು ತಣ್ಣನೆಯ ಬಿಟ್ಟನ್ನು. ಬಾಲ ಜೆಪಿಜಿ ಇಟ್ಟುಕೊಂಡು ಸುಳಿವನ್ನೂ ಕೊಟ್ಟರೆ ಗೆಲ್ಲುವುದು ಬಾಲವೇ. ಆ ಚಿಕ್ಕ ಜೆಪಿಜಿ 3.4 ಕೆಬಿಗಿಂತ ಚಿಕ್ಕದಿದ್ದರೆ ಮಾತ್ರ ಈ ಯಾವ ತಲೆನೋವೂ ಇಲ್ಲ. ಇನ್‌ಲೈನ್ ಡೇಟಾ ಚಾಲೂ ಇದ್ದರೆ ಅದು ಇನೋಡಿನೊಳಗೇ ಕುಳಿತುಬಿಡುತ್ತದೆ.

ಈಗ ಕೈಕೆಲಸ. ಫಾರ್ಮ್ಯಾಟ್ ಮಾಡುವಾಗ ಸಣ್ಣ ಅಕ್ಷರದ ಇ ಆಯ್ಕೆಯಲ್ಲಿ ತಣ್ಣನೆಯ ಬಾಲಗಳನ್ನು ಅಲ್ಪವಿರಾಮ ಹಾಕಿ ಕೊಡಬಹುದು, ದೊಡ್ಡ ಅಕ್ಷರದ ಇ ಬಿಸಿ ಬಾಲಗಳಿಗೆ. ನೀವು ಕೊಟ್ಟದ್ದು ಮೂಲ ಪಟ್ಟಿಗೆ ಸೇರಿಕೊಳ್ಳುತ್ತದೆ, ಅದನ್ನು ಅಳಿಸುವುದಿಲ್ಲ. ಮೂಲ ಪಟ್ಟಿಯಲ್ಲಿ ಎಂಪಿ, ಜೆಪಿ ಎಂಬ ಎರಡಕ್ಷರದ ನಮೂದುಗಳನ್ನು ಕಂಡು ಅರ್ಧಕ್ಕೇ ನಿಂತಿವೆ ಎಂದುಕೊಳ್ಳಬೇಡಿ. ಎಂಪಿ3, ಎಂಪಿ4, ಎಂಪಿಇಜಿ ಎಲ್ಲದಕ್ಕೂ ಒಂದೇ ನಮೂದು ಸಾಲಲಿ ಎಂಬ ಮಿತವ್ಯಯ ಅದು. ಪಟ್ಟಿ ಇಡೀ ಫೈಲ್ ಸಿಸ್ಟಮ್‌ನ ವಿವರವಿರುವ ಸೂಪರ್‌ಬ್ಲಾಕಿನಲ್ಲಿರುವುದರಿಂದ ಬಿಸಿ, ತಣ್ಣನೆಯದು ಎರಡೂ ಸೇರಿ 64 ನಮೂದುಗಳಿಗೆ ಮಾತ್ರ ಜಾಗ, ಪ್ರತಿಯೊಂದಕ್ಕೂ 8 ಬೈಟ್. ಕೊನೆಯ ಬೈಟ್ ಸೊನ್ನೆಗೆ ಮೀಸಲು. ಹಾಗಾಗಿ 7 ಅಕ್ಷರ ಮೀರಿದ ಬಾಲ ಕೊಟ್ಟರೆ ಕರ್ನಲ್ ಒಪ್ಪುವುದಿಲ್ಲ. ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲ.

ಡಿಸ್ಕ್ ಮೌಂಟ್ ಆಗಿ ಬಳಕೆಯಲ್ಲಿರುವಾಗಲೂ ಪಟ್ಟಿಯನ್ನು ತಿದ್ದಬಹುದು, 2018ರಿಂದ. ಕರ್ನಲ್‌ನ ಹೊಂದಿಕೆಗಳನ್ನು ಫೈಲುಗಳಂತೆ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ನಿಮ್ಮ ಡಿಸ್ಕಿನ ಹೆಸರಿನ ಕೆಳಗೆ ಎಕ್ಸ್‌ಟೆನ್ಶನ್ ಲಿಸ್ಟ್ ಎಂಬ ಫೈಲಿದೆ. ಚೌಕ ಕಂಸದೊಳಗೆ ಸಿ ಅಕ್ಷರ, ಅದರ ಹಿಂದೆಯೇ ಬಾಲ ಬರೆದರೆ ತಣ್ಣನೆಯ ಪಟ್ಟಿಗೆ ಸೇರುತ್ತದೆ. ಎಚ್ ಎಂದರೆ ಬಿಸಿ ಪಟ್ಟಿ. ನಡುವೆ ಆಶ್ಚರ್ಯಸೂಚಕ ಹಾಕಿದರೆ ತೆಗೆದುಹಾಕುತ್ತದೆ. ಬದಲಾವಣೆ ಸೂಪರ್‌ಬ್ಲಾಕಿಗೆ ಬರೆಯಲ್ಪಡುವುದರಿಂದ ಯಂತ್ರ ಆರಿಸಿ ಹಚ್ಚಿದರೂ ಉಳಿಯುತ್ತದೆ.

ಇಲ್ಲೇ ಹಲವರು ನಿರಾಶರಾಗುವುದು. ಪಟ್ಟಿಗೆ ಹೊಸ ಬಾಲ ಸೇರಿಸುತ್ತಾರೆ, ಹಳೆಯ ಫೈಲುಗಳಲ್ಲಿ ಏನೂ ಬದಲಾಗುವುದಿಲ್ಲ. ಆಗಲೇ ಹೇಳಿದೆನಲ್ಲ, ತೀರ್ಮಾನ ಹುಟ್ಟುವಾಗಲೇ. ಹೆಸರು ಬದಲಿಸಿದರೂ ಪ್ರಯೋಜನವಿಲ್ಲ, ಇನೋಡ್ ಹಳೆಯದೇ. ಹೊಸ ಪ್ರತಿ ಮಾಡಿ ಹಳೆಯದನ್ನು ಅಳಿಸಬೇಕು. ಡೌನ್‌ಲೋಡ್‌ನಲ್ಲೂ ಇದೇ ತೊಡಕು. ಎಂಪಿ4ರ ಮುಂದೆ ಚುಕ್ಕೆ ಇಟ್ಟು ಪಾರ್ಟ್ ಎಂದು ತಾತ್ಕಾಲಿಕ ಬಾಲ ಅಂಟಿಸುವ ತಂತ್ರಾಂಶಗಳನ್ನು ಕರ್ನಲ್ ಗುರುತಿಸುತ್ತದೆ, ಕೊನೆಯ ಬಾಲದ ಹಿಂದಿನದನ್ನೂ ನೋಡುವಂತೆ ಬರೆದಿದ್ದಾರೆ. ಆದರೆ ಅಡ್ಡಾದಿಡ್ಡಿ ಅಂಕಿಗಳ ಹೆಸರಿನಲ್ಲಿ ಇಳಿಸಿ ಕೊನೆಗೆ ಹೆಸರು ಬದಲಿಸುವವಕ್ಕೆ ಪಟ್ಟಿ ಏನೂ ಮಾಡಲಾರದು.

ಸಮಯ ಮುಗಿಯಿತೆಂದು ಸನ್ನೆ ಬರುತ್ತಿದೆ. ಆ್ಯಕ್ಟಿವ್ ಲಾಗ್ಸ್ ಆಯ್ಕೆಯನ್ನು ಎರಡಕ್ಕೆ ಇಳಿಸಿದರೆ ನೋಡ್‌ಗೊಂದು, ಡೇಟಾಕ್ಕೊಂದು ಲಾಗ್ ಮಾತ್ರ ಉಳಿಯುತ್ತದೆ, ಆಗ ಪಟ್ಟಿ ಇದ್ದೂ ಇಲ್ಲದಂತೆ. ವರ್ಚುವಲ್ ಯಂತ್ರದ ಡಿಸ್ಕಾಗಿ ಬಳಸುವ ಫೈಲಿಗೆ ಐಎಸ್‌ಒ ಎಂಬ ಬಾಲ ಇಡಬೇಡಿ, ಆ ಬಾಲ ತಣ್ಣನೆಯ ಪಟ್ಟಿಯಲ್ಲಿದೆ, ಫೈಲೋ ಪದೇ ಪದೇ ತಿದ್ದಿಸಿಕೊಳ್ಳುತ್ತದೆ.

ಒಂದೇ ಒಂದು ಮಾತು ಅಳತೆಯ ಬಗ್ಗೆ. ಪಟ್ಟಿ ತಿದ್ದುವ ಮೊದಲು, ಕರ್ನಲ್ ತನ್ನ ಸ್ಥಿತಿಯನ್ನು ಫೈಲುಗಳಂತೆ ತೋರಿಸುವ ಪ್ರಾಕ್‌ನಲ್ಲಿ ಎಫ್‌2ಎಫ್‌ಎಸ್‌ನ ಕೆಳಗಿರುವ ಸೆಗ್ಮೆಂಟ್ ಇನ್ಫೋ ಫೈಲನ್ನು ಓದಿ. ಪ್ರತಿ ಸೆಗ್ಮೆಂಟಿಗೂ ನೆಟ್ಟಗಿನ ಗೆರೆಯ ಎಡಕ್ಕೆ ಬಗೆ, ಬಲಕ್ಕೆ ಜೀವಂತ ಬ್ಲಾಕುಗಳ ಸಂಖ್ಯೆ. ಬಗೆ 2 ಎಂದರೆ ತಣ್ಣನೆಯ ಡೇಟಾ. ಎರಡರ ಮುಂದೆ 512 ಅಥವಾ 0 ಹೆಚ್ಚಾಗಿ ಕಂಡರೆ ಪಟ್ಟಿಯನ್ನು ಮುಟ್ಟಲೇಬೇಡಿ. 497, 480, 450 ಎಂದು ಸಾಲುಗಟ್ಟಿ ಕಂಡರೆ ಅಲ್ಪಾಯುಷಿ ಯಾವುದೋ ಒಳಗೆ ಸೇರಿಕೊಂಡಿದೆ. ಕ್ಯಾಶ್ ಫೋಲ್ಡರುಗಳಲ್ಲಿ ಯಾವ ಬಾಲ ಹೆಚ್ಚಿದೆ ಎಂದು ಎಣಿಸಿ, ಆ ಒಂದನ್ನು ಮಾತ್ರ ಪಟ್ಟಿಯಿಂದ ತೆಗೆದು, ಒಂದು ವಾರ ಬಿಟ್ಟು ಅದೇ ಫೈಲನ್ನು ಮತ್ತೆ ಓದಿ. ಪ್ರಶ್ನೆಗಳಿದ್ದರೆ ಕೇಳಿ.