ಐದು ಮೆಟ್ಟಿಲು, ನೂರು ಪಟ್ಟು ಬೆಳಕು

ಕೇಳುಗರಿಗೆ ನಮಸ್ಕಾರ. ಇವತ್ತು ನಾನು ಹೇಳೋದು ಒಂದೇ ಮಾತು. ನಕ್ಷತ್ರಗಳ ಬೆಳಕಿನ ಲೆಕ್ಕದಲ್ಲಿ ಕೂಡಬೇಡಿ, ಗುಣಿಸಿ. ಉಳಿದದ್ದೆಲ್ಲ ಮರೆತರೂ ನನಗೆ ಬೇಸರವಿಲ್ಲ.

ಸುಮಾರು 1900 ವರ್ಷಗಳ ಹಿಂದೆ ಖಗೋಳಜ್ಞ ಟಾಲೆಮಿ ತನ್ನ ಪಟ್ಟಿಯಲ್ಲಿ ನಕ್ಷತ್ರಗಳನ್ನು ಆರು ದರ್ಜೆ ಮಾಡಿದ್ದ. ಚೆನ್ನಾಗಿ ಹೊಳೆಯುವವು ಒಂದನೇ ದರ್ಜೆ. ಕಂಡೂ ಕಾಣದ ಹಾಗಿರುವವು ಆರನೇ ದರ್ಜೆ. ಹಾಗಾದರೆ ಒಂದನೆಯದು ಆರನೆಯದಕ್ಕಿಂತ ಎಷ್ಟು ಪಟ್ಟು ಪ್ರಕಾಶಮಾನ? ಐದಾ? ಆರಾ? ಅಲ್ಲ ಸ್ವಾಮಿ, ನೂರು!

ಯಾರೂ ನಂಬಲ್ಲ. ಅದಕ್ಕೇ ಒಮ್ಮೆ ಮಕ್ಕಳ ಶಿಬಿರದಲ್ಲಿ ಕತ್ತಲೆ ಕೋಣೆ ಸೇರಿಕೊಂಡು ಒಂದು ಮೇಣದಬತ್ತಿ ಹಚ್ಚಿದೆ. "ಕಣ್ಣು ಮುಚ್ಚಿ" ಅಂದೆ. ಎರಡನೆಯದು ಹಚ್ಚಿದೆ. "ಈಗ ನೋಡಿ." "ಬೆಳಕು ಜಾಸ್ತಿ ಆಯ್ತು!" ಅಂತ ಎಲ್ಲರದೂ ಒಂದೇ ಕೂಗು. ಮೂರು, ನಾಲ್ಕು, ಐದು... ಹತ್ತು ದಾಟುವಷ್ಟರಲ್ಲಿ ಕೂಗು ಗೊಣಗಾಟವಾಯಿತು. ನಲವತ್ತು ಉರಿಯುತ್ತಿದ್ದವು. ನಲವತ್ತೊಂದನೆಯದು ಹಚ್ಚುವಾಗ ಬಿಸಿ ಮೇಣ ಬೆರಳಿಗೆ ತಾಗಿ "ಅಯ್ಯೋ" ಅಂದೆ. ಎಲ್ಲರೂ ಕಣ್ಣು ಬಿಟ್ಟರು. ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಸರ್, ಸುಮ್ನೆ ಕೂಗಿದ್ರಿ, ನೀವು ಏನೂ ಹಚ್ಚೇ ಇಲ್ಲ" ಅಂದಳು. ಬೆರಳಿನ ಬೊಬ್ಬೆ ತೋರಿಸಿದರೂ ಒಪ್ಪಲಿಲ್ಲ!

ಅವಳದೇನೂ ತಪ್ಪಿಲ್ಲ. ಹಚ್ಚಿದ್ದು ಪ್ರತಿಸಲವೂ ಒಂದೇ ಒಂದು ಹೊಸ ಬತ್ತಿ. ಒಂದರ ಪಕ್ಕ ಅದು ಬೆಳಕನ್ನು ದುಪ್ಪಟ್ಟು ಮಾಡಿತು. ನಲವತ್ತರ ಪಕ್ಕ ಲೆಕ್ಕಕ್ಕೇ ಬರಲಿಲ್ಲ. ನಮ್ಮ ಕಣ್ಣಿಗೆ ಬೇಕಾದದ್ದು ಎಷ್ಟು ಹೆಚ್ಚಾಯಿತು ಅನ್ನುವುದಲ್ಲ, ಎಷ್ಟು ಪಟ್ಟಾಯಿತು ಅನ್ನುವುದು. ಕೂಡಬೇಡಿ, ಗುಣಿಸಿ ಅಂದದ್ದು ಅದಕ್ಕೇ.

1856ರಲ್ಲಿ ಇದನ್ನು ಲೆಕ್ಕಕ್ಕೆ ಕೂರಿಸಿದವರು ಇಂಗ್ಲೆಂಡಿನ ನಾರ್ಮನ್ ಪಾಗ್ಸನ್. ಮುಂದೆ ಮದ್ರಾಸ್ ವೀಕ್ಷಣಾಲಯವನ್ನು ನೋಡಿಕೊಂಡವರೂ ಇವರೇ. ಐದು ದರ್ಜೆಗೆ ನೂರು ಪಟ್ಟು ಅಂದರೆ ಒಂದು ದರ್ಜೆಗೆ 2.512 ಪಟ್ಟು. ಗುಣಿಸುತ್ತಾ ಹೋಗಿ: ಎರಡೂವರೆ, 6.3, ಹದಿನಾರು, ನಲವತ್ತು, ನೂರು. ಹೀಗೆ ಒಂದೇ ಸಂಖ್ಯೆಯಿಂದ ಮತ್ತೆ ಮತ್ತೆ ಗುಣಿಸುವುದಕ್ಕೆ ಘಾತೀಯ ಫಲನ ಅಂತ ಹೆಸರು. ಹೆಸರು ಮಾತ್ರ ಗಡುಸು.

ದರ್ಜೆಯ ಸಂಖ್ಯೆ ಇಳಿದಷ್ಟೂ ಬೆಳಕು ಜಾಸ್ತಿ, ಸೊನ್ನೆ ದಾಟಿ ಮೈನಸ್‌ಗೂ ಹೋಗುತ್ತದೆ. ಹುಣ್ಣಿಮೆ ಚಂದ್ರ ಮೈನಸ್ 12.7, ಸೂರ್ಯ ಮೈನಸ್ 26.7. ವ್ಯತ್ಯಾಸ ಬರೀ 14 ಅಲ್ವಾ? 2.512ನ್ನು 14 ಸಲ ಗುಣಿಸಿ ನೋಡಿ, ಸುಮಾರು ನಾಲ್ಕು ಲಕ್ಷ ಪಟ್ಟು ಬರುತ್ತದೆ!

ಸೂಪರ್‌ನೋವಾಗಳ, ಅಂದರೆ ಸಿಡಿದು ಹೊಳೆಯುವ ನಕ್ಷತ್ರಗಳ ಬಗ್ಗೆ ಹೇಳಬೇಕೆಂದಿದ್ದೆ, ಮೇಣದಬತ್ತಿಗಳು ಸಮಯ ತಿಂದವು. ಒಂದೇ ಮಾತು. ಕೆಲವು ಸೂಪರ್‌ನೋವಾ ಆರುತ್ತಾ ಬರುವಾಗ ಅವಕ್ಕೆ ಬೆಳಕು ಕೊಡುವುದು ವಿಕಿರಣಶೀಲ ಕೋಬಾಲ್ಟ್. ಅದು 77 ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಅಲ್ಲೂ ಗುಣಾಕಾರವೇ.

ಕೊನೆಗೊಂದು ಮನೆಗೆಲಸ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಹೆಗಲಲ್ಲಿರುವ ಕೆಂಪು ಆರ್ದ್ರಾ ನಕ್ಷತ್ರ 2020ರ ಆರಂಭದಲ್ಲಿ ಸುಮಾರು 0.5ರಿಂದ 1.6ಕ್ಕೆ ಮಂಕಾಗಿತ್ತು. ಅದರ ಬೆಳಕು ಎಷ್ಟನೇ ಒಂದು ಪಾಲಿಗೆ ಇಳಿದಿತ್ತು? 1.6ರಲ್ಲಿ 0.5 ಕಳೆದು 1.1 ಅಂತ ಬರೆದು ಅಲ್ಲಿಗೇ ನಿಲ್ಲಿಸಿಬಿಡಬೇಡಿ. ನಮಸ್ಕಾರ.