ವೇದಿಕೆಯ ಮೇಲೆ ಏನು ತೀರ್ಮಾನವಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ಡೀಜೆ ಕಾರ್ಯಕ್ರಮ ನೋಡಿ ಬಂದವರಲ್ಲಿ ಒಂದು ಅನುಮಾನ ಉಳಿದೇ ಇರುತ್ತದೆ: ಆತ ನಿಜಕ್ಕೂ ಏನಾದರೂ ಮಾಡುತ್ತಿದ್ದನೇ, ಪ್ಲೇ ಒತ್ತಿ ಕೈ ಬೀಸುತ್ತಿದ್ದನೇ? 2012ರಲ್ಲಿ ಕೆನಡಾದ ಎಲೆಕ್ಟ್ರಾನಿಕ್ ಸಂಗೀತಗಾರ ಡೆಡ್‌ಮೌಸ್ ‘ನಾವೆಲ್ಲರೂ ಒತ್ತುವುದು ಪ್ಲೇ ಗುಂಡಿಯನ್ನೇ’ ಎಂಬರ್ಥದಲ್ಲಿ ಬಹಿರಂಗವಾಗಿ ಬರೆದಾಗ ಈ ಅನುಮಾನ ದೊಡ್ಡ ಜಗಳವೇ ಆಯಿತು.

ನಮ್ಮ ಕಛೇರಿಗಳನ್ನು ನೆನಪಿಸಿಕೊಳ್ಳಿ. ಬೆಂಗಳೂರಿನಲ್ಲೇ ತಯಾರಾಗುವ ಎಲೆಕ್ಟ್ರಾನಿಕ್ ತಂಬೂರಿ ದಶಕಗಳಿಂದ ವೇದಿಕೆಯ ಮೇಲಿದೆ. ಶ್ರುತಿ ಯಂತ್ರದ್ದು ಎಂದು ಯಾರೂ ಹಾಡುಗಾರಿಕೆಯನ್ನು ನಕಲಿ ಎನ್ನುವುದಿಲ್ಲ. ಮನೋಧರ್ಮ, ಅಂದರೆ ಆ ಕ್ಷಣದಲ್ಲೇ ಹೊಳೆದದ್ದು, ಯಾರದ್ದು ಎಂಬುದು ಕಿವಿಗೆ ಗೊತ್ತು. ಡೀಜೆಯ ಮನೋಧರ್ಮವನ್ನೂ ಹಾಗೆಯೇ ಹುಡುಕಬೇಕು: ಸಂಗೀತ ಶುರುವಾದ ಮೇಲೂ ತೀರ್ಮಾನವಾಗದೆ ಉಳಿದದ್ದು ಏನು?

ಹಳೆಯ ಪರೀಕ್ಷೆ ಬೀಟ್ ಕೂಡಿಸುವುದು: ನಡೆಯುತ್ತಿರುವ ಹಾಡಿನ ಪೆಟ್ಟಿಗೆ ಮುಂದಿನ ಹಾಡಿನ ಪೆಟ್ಟನ್ನು ಹೊಂದಿಸುವುದು. ಒಂದು ಹಾಡು ನಿಮಿಷಕ್ಕೆ 120 ಬೀಟ್, ಇನ್ನೊಂದು 122 ಇದ್ದರೆ ಎರಡೇ ಸೆಕೆಂಡಿನಲ್ಲಿ 33 ಮಿಲಿಸೆಕೆಂಡ್ ಅಂತರ ಬೀಳುತ್ತದೆ. ಡ್ರಮ್ಮಿನ ಒಂದು ಪೆಟ್ಟು ಎರಡಾಗಿ ಕೇಳುತ್ತದೆ. 15 ಸೆಕೆಂಡಿಗೆ ಅರ್ಧ ಬೀಟ್ ತಪ್ಪಿ ಎಲ್ಲವೂ ಗೋಜಲು. ವೇಗ ಬದಲಿಸುವ ಜಾರುಗುಂಡಿಯಾದ ಪಿಚ್ ಫೇಡರನ್ನು ಸುಮಾರು 1.6 ಶೇಕಡಾ ಇಳಿಸಿದರೆ ಎರಡನೆಯದು ಮೊದಲನೆಯದರ ಹೆಜ್ಜೆಗೆ ಬರುತ್ತದೆ. ಇಲ್ಲಿ ಡೀಜೆಯ ಪಕ್ಕದಲ್ಲೇ ಇರುವ ಮಾನಿಟರ್ ಸ್ಪೀಕರ್ ಮುಖ್ಯ. 10 ಮೀಟರ್ ದೂರದ ದೊಡ್ಡ ಸ್ಪೀಕರಿನ ಸದ್ದು 29 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅದಕ್ಕೆ ಹೆಡ್‌ಫೋನಿನಲ್ಲಿ ಕೇಳುತ್ತಿರುವ ಮುಂದಿನ ಹಾಡನ್ನು ಕೂಡಿಸಿದರೆ ಡೀಜೆಗೆ ಸರಿ, ಕುಣಿಯುವವರಿಗೆ ತಪ್ಪು.

ಈಗ ಈ ಕೆಲಸವನ್ನು ಸಿಂಕ್ ಗುಂಡಿ ಮಾಡುತ್ತದೆ. ಅದು ಮೋಸವಲ್ಲ, ಕೈಗೆ ಬಿಡುವು ಕೊಡುತ್ತದೆ. ಆದರೆ ಸಿಂಕ್ ನಂಬುವುದು ಪ್ರತಿ ಬೀಟ್ ಎಲ್ಲಿ ಬೀಳುತ್ತದೆ ಎಂದು ಸಾಫ್ಟ್‌ವೇರ್ ಎಳೆದ ಗೆರೆಗಳನ್ನು. 1970ರ ದಶಕದ ರಾಜನ್–ನಾಗೇಂದ್ರ ಹಾಡೊಂದನ್ನು ಹಾಕಿ ನೋಡಿ. ವಾದ್ಯವೃಂದ ಒಟ್ಟಿಗೆ ಕೂತು ನುಡಿಸಿದ ಹಾಡಿನಲ್ಲಿ ಪಲ್ಲವಿಗೂ ಚರಣಕ್ಕೂ ಲಯ ಕೂದಲೆಳೆಯಷ್ಟು ಅತ್ತಿತ್ತ ಸರಿದಿರುತ್ತದೆ, ಅದರ ಸೊಗಸೂ ಅಲ್ಲಿಯೇ ಇದೆ. ಅಚ್ಚುಕಟ್ಟಾದ ಗೆರೆಗಳು ಅರ್ಧ ನಿಮಿಷದಲ್ಲಿ ಜಾರುತ್ತವೆ. ಆಗ ಸಿಂಕ್ ಬಂದ್ ಮಾಡಿ. ಹೊರಹೋಗುವ ಹಾಡಿನಿಂದ ಮಾತಿಲ್ಲದ ನಾಲ್ಕು ಬಾರ್ (ತಾಳದ ನಾಲ್ಕು ಸುತ್ತು) ತೆಗೆದು ಅದೇ ಮತ್ತೆ ಮತ್ತೆ ಸುತ್ತುವಂತೆ ಲೂಪ್ ಮಾಡಿ, ಅದರ ಬಾಸನ್ನು ಮಿಕ್ಸರಿನಲ್ಲಿ ಪೂರ್ತಿ ಇಳಿಸಿ. ಹಳೆಯ ಹಾಡನ್ನು ಮೊದಲ ತಾಳದ ಪೆಟ್ಟಿಗೆ ಬಿಡಿ, ಪ್ಲೇಯರಿನ ಮೇಲಿನ ತಿರುಗುವ ಚಕ್ರವನ್ನು (ಜಾಗ್ ವೀಲ್) ಬೆರಳಿನಿಂದ ತಳ್ಳುತ್ತಾ, ತಡೆಯುತ್ತಾ ಎಂಟು ಬಾರ್‌ಗಳೊಳಗೆ ದಾಟಿಬಿಡಿ. ಇನ್ನೂ ಹಿಡಿದಿಟ್ಟರೆ ಜಾರುವುದು ಖಂಡಿತ. ಇದನ್ನು ಚೆನ್ನಾಗಿ ಮಾಡಬಲ್ಲವರ ಕಿವಿಯ ಬಗ್ಗೆ ನನಗೆ ಅಪಾರ ಗೌರವವಿದೆ.

ಲ್ಯಾಪ್‌ಟಾಪಿನ ‘ಲೈವ್ ಸೆಟ್’ ಬೇರೆ ಮಾತು. ತಮ್ಮದೇ ಟ್ರ್ಯಾಕನ್ನು ಎರಡು ಚಾನೆಲಿನ ಒಂದೇ ಫೈಲಾಗಿ ತಂದವರಿಗೆ ವೇದಿಕೆಯ ಮೇಲೆ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ. ಡ್ರಮ್, ಬಾಸ್, ಸ್ವರ, ಧ್ವನಿ ಎಂದು ನಾಲ್ಕೈದು ಭಾಗ ಮಾಡಿ, ಒಂದೊಂದಕ್ಕೂ ಒಂದು ಫೇಡರ್ ಕೊಟ್ಟರೆ ಬಾಸ್ ಯಾವಾಗ ಬರಬೇಕೆಂಬುದು ಆ ರಾತ್ರಿಯ ಕೈಗೆ ಉಳಿಯುತ್ತದೆ. ಹದಿನೈದು ಇಪ್ಪತ್ತು ಭಾಗ ಮಾಡಿಕೊಂಡರೆ ಕಣ್ಣು ಪರದೆ ಬಿಟ್ಟು ಏಳುವುದಿಲ್ಲ. ಬೆರಳು ಬಡಿದು ನುಡಿಸುವುದಿದ್ದರೆ ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟು ಕಳಿಸುವ ಸದ್ದಿನ ತುಣುಕು, 256 ಸ್ಯಾಂಪಲ್ ಇರಲಿ: 44.1 ಕಿಲೋಹರ್ಟ್ಸ್‌ನಲ್ಲಿ ಅದು ಸುಮಾರು 5.8 ಮಿಲಿಸೆಕೆಂಡಿನ ತಡ. ತೀರಾ ಇಳಿಸಿದರೆ ಕಂಪ್ಯೂಟರ್ ಏದುಸಿರು ಬಿಟ್ಟು ಸದ್ದು ಚಟಚಟ ಒಡೆಯುತ್ತದೆ.

ದೊಡ್ಡ ಉತ್ಸವಗಳಲ್ಲಿ ಬೆಳಕು, ವಿಡಿಯೋ, ಪಟಾಕಿ ಎಲ್ಲವೂ ಟೈಮ್‌ಕೋಡ್ ಹಿಡಿದು, ಅಂದರೆ ಯಂತ್ರಗಳಿಗೆಲ್ಲ ಒಂದೇ ಗಡಿಯಾರದಂತೆ ಹೋಗುವ ಸಂಕೇತ ಹಿಡಿದು ನಡೆಯುತ್ತವೆ. ಇಡೀ ಗಂಟೆಗೆ ಒಂದೇ ಟೈಮ್‌ಕೋಡ್ ಹಾಕಿದರೆ ಹಾಡುಗಳ ಕ್ರಮ ಮನೆಯಲ್ಲೇ ಮುಗಿದಿರುತ್ತದೆ. ಜನ ಬೇಸತ್ತು ನಿಂತರೂ ಬದಲಿಸುವಂತಿಲ್ಲ. ಇದನ್ನು ಲೈವ್ ಎಂದು ಮಾರುವುದು ಸರಿಯಲ್ಲ. ದಾರಿ ಇದೆ: ಟೈಮ್‌ಕೋಡನ್ನು ಒಂದೊಂದು ಟ್ರ್ಯಾಕಿಗೂ ಪ್ರತ್ಯೇಕವಾಗಿ ಕಟ್ಟಿ, ಪ್ಲೇಯರಿನಲ್ಲಿ ಹಾಡು ಎಲ್ಲಿದೆ ಎಂಬುದನ್ನು ಬೆಳಕಿನ ಮೇಜಿಗೆ ಕಳಿಸಬಹುದು. ಆಗ ಡೀಜೆ ಮೂರನೆಯ ಹಾಡು ಬಿಟ್ಟು ಒಂಬತ್ತನೆಯದಕ್ಕೆ ಹಾರಿದರೂ ದೀಪಗಳು ಜೊತೆಗೆ ಬರುತ್ತವೆ.